ಏರು ಹತ್ತುವಾಗ ನಿಲ್ಲುವ ಹಳೆ ಪೆಟ್ರೋಲ್ ಜೀಪ್: ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ದೋಷ ಹುಡುಕುವುದು ಹೇಗೆ

ಮಳೆಗಾಲ ಮುಗಿದು ತೋಟದ ಜೀಪುಗಳು ಶೆಡ್ಡಿನಿಂದ ಹೊರಗೆ ಬರುವ ಹೊತ್ತಿಗೆ ನನಗೆ ಬರುವ ಪ್ರಶ್ನೆ ಒಂದೇ. "ಸಮತಟ್ಟಿನಲ್ಲಿ ಗಾಡಿ ಚೆನ್ನಾಗಿ ಓಡುತ್ತದೆ, ಏರು ಬಂದರೆ ಜರ್ಕ್ ಹೊಡೆದು ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಕಾರ್ಬುರೇಟರ್ ಎರಡು ಸಲ ಬಿಚ್ಚಿಸಿದ್ದಾಯ್ತು, ಸರಿ ಹೋಗಲಿಲ್ಲ." ಊರು ಬೇರೆ, ಗಾಡಿ ಬೇರೆ, ಮಾತು ಮಾತ್ರ ಇದೇ. ಅದಕ್ಕೆ ಒಂದೇ ಕಡೆ ಪೂರ್ತಿ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಕಾರ್ಬುರೇಟರ್, ಅಂದರೆ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ, ಕೈಗೆ ಸುಲಭವಾಗಿ ಸಿಗುತ್ತದೆ, ಬಾನೆಟ್ ಎತ್ತಿದರೆ ಮೇಲೇ ಕೂತಿರುತ್ತದೆ, ಹಾಗಾಗಿ ಎಲ್ಲರೂ ಮೊದಲು ಅದಕ್ಕೇ ಕೈ ಹಾಕುತ್ತಾರೆ. ಅದನ್ನು ಕೊನೆಗೆ ಬಿಚ್ಚಿ. ಪೆಟ್ರೋಲ್ ಟ್ಯಾಂಕಿನಿಂದ ಹೊರಟು ಪೈಪು, ಫಿಲ್ಟರ್, ಪಂಪ್ ದಾಟಿ ಅಲ್ಲಿಗೆ ಬರುತ್ತದೆ. ನಾವೂ ಅದೇ ದಾರಿಯಲ್ಲಿ ಹೋಗಬೇಕು.

ಇಲ್ಲಿ ನಾನು ಕಣ್ಣ ಮುಂದೆ ಇಟ್ಟುಕೊಂಡಿರುವುದು 2199 ಸಿಸಿ ಹರಿಕೇನ್ ಪೆಟ್ರೋಲ್ ಎಂಜಿನ್ ಇರುವ ವಿಲ್ಲೀಸ್ ಮತ್ತು ಮಹೀಂದ್ರ ಸಿಜೆ-3ಬಿ ಜೀಪುಗಳನ್ನು. ಎಂಜಿನ್ನಿನ ಕ್ಯಾಮ್ (ತಿರುಗುತ್ತಾ ಒತ್ತುವ ಉಬ್ಬು) ನಡೆಸುವ ಮೆಕ್ಯಾನಿಕಲ್ ಪಂಪ್ ಇರುವ ಬೇರೆ ಹಳೆ ಗಾಡಿಗಳಿಗೂ ಕ್ರಮ ಇದೇ.

ಏರಿನಲ್ಲೇ ಯಾಕೆ ಎಂದು ಸ್ವಲ್ಪ ಯೋಚಿಸಿ ನೋಡಿ. ಈ ಜೀಪಿನ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ, ಕಾರ್ಬುರೇಟರ್ ಇರುವುದು ಎಂಜಿನ್ ತಲೆಯ ಮೇಲೆ. ಪೆಟ್ರೋಲ್ ತಾನಾಗಿ ಹರಿದು ಬರುವುದಿಲ್ಲ, ಪಂಪ್ ಕೆಳಗಿನಿಂದ ಎಳೆದು ಮೇಲಕ್ಕೆ ತಳ್ಳಬೇಕು. ಗಾಡಿಯ ಮೂತಿ ಮೇಲಾದಾಗ ಎಂಜಿನ್ ಟ್ಯಾಂಕಿಗಿಂತ ಇನ್ನೂ ಎತ್ತರಕ್ಕೆ ಹೋಗುತ್ತದೆ. ಅದೇ ಹೊತ್ತಿಗೆ ಲೋಡ್ ಜಾಸ್ತಿ, ಪೆಟ್ರೋಲ್ ಜಾಸ್ತಿ ಬೇಕು. ವೇಗ ಕಡಿಮೆ, ಗಾಳಿ ಕಡಿಮೆ, ಬಾನೆಟ್ ಒಳಗೆ ಬಿಸಿ ಜಾಸ್ತಿ. ಸಮತಟ್ಟಿನಲ್ಲಿ ಕಾಣದೆ ಉಳಿದ ಸಣ್ಣ ದೋಷವೂ ಚಾರ್ಮಾಡಿ ಘಾಟಿಯ ಮೂರನೇ ತಿರುವಿನಲ್ಲಿ ಬಯಲಾಗುವುದು ಇದಕ್ಕೇ.

ಏನೇನು ಬೇಕು

ಇಂಚಿನ ಅಳತೆಯ ಸ್ಪ್ಯಾನರುಗಳು (ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ಹಿತ್ತಾಳೆ ನಟ್ಟಿನ ಮೂಲೆ ಸವೆದು ಹೋಗುತ್ತದೆ), ಒಂದು ಮೀಟರ್ ಪಾರದರ್ಶಕ ಪೆಟ್ರೋಲ್ ಪೈಪು, ಅರ್ಧ ಲೀಟರ್ ಹಿಡಿಯುವ ದಪ್ಪ ಗಾಜಿನ ಜಾಡಿ, ಹತ್ತಿ ಬಟ್ಟೆ, ಎಲ್‌ಇಡಿ ಟಾರ್ಚ್, ಹೊಸ ಕ್ಲಿಪ್ಪುಗಳು, ಸೈಕಲ್ ಪಂಪ್. ಜೊತೆಗೆ ಒಬ್ಬರು ಇರಲಿ.

ಬೆಂಕಿಯ ವಿಷಯ ಬಿಟ್ಟು ಮುಂದೆ ಹೋಗಬೇಡಿ, ದಯವಿಟ್ಟು. ಕೆಲಸ ಬಯಲಿನಲ್ಲಿ ಮಾಡಿ, ಶೆಡ್ಡಿನೊಳಗೆ ಬೇಡ. ಎಂಜಿನ್ ತಣ್ಣಗಿರಲಿ. ಪೈಪು ಬಿಚ್ಚುವ ಮೊದಲು ಬ್ಯಾಟರಿಯ ನೆಲದ ವೈರ್, ಅಂದರೆ ಬಾಡಿಗೆ ಹೋಗುವ ವೈರ್ ತೆಗೆಯಿರಿ. ಬೀಡಿ ಸಿಗರೇಟು ದೂರ. ಬೆಂಕಿ ಆರಿಸುವ 2 ಕೆಜಿಯ ಎಬಿಸಿ ಪೌಡರ್ ಸಿಲಿಂಡರ್ ಕೈಗೆ ಸಿಗುವ ಕಡೆ ಇರಲಿ. ಒಬ್ಬರು ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಸುರಿಯುವುದು, ಇನ್ನೊಬ್ಬರು ಸೆಲ್ಫ್ ಹೊಡೆಯುವುದು ಎಲ್ಲಾ ಕಡೆ ನಡೆಯುತ್ತದೆ. ಅದನ್ನು ಮಾಡಲೇಬೇಡಿ. ಎಂಜಿನ್ ಒಮ್ಮೆ ಹಿಂದಕ್ಕೆ ಹೊಡೆದರೆ ಬೆಂಕಿ ನೇರ ಕೈಗೆ, ಮುಖಕ್ಕೆ ಬರುತ್ತದೆ. ಬಾಯಿಂದ ಪೈಪು ಎಳೆಯುವುದೂ ಬೇಡ. ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೆ ಆಸ್ಪತ್ರೆಗೇ ಹೋಗಬೇಕು.

1. ಇದು ಪೆಟ್ರೋಲ್ ತೊಂದರೆಯೇ ಅಂತ ಮೊದಲು ಖಚಿತ ಮಾಡಿಕೊಳ್ಳಿ

ಅರ್ಧಕ್ಕರ್ಧ ಜನ ಇಲ್ಲೇ ದಾರಿ ತಪ್ಪುತ್ತಾರೆ. ಡೆಲ್ಕೋ (ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ಒಳಗಿನ ಅಥವಾ ಅದರ ಪಕ್ಕದ ಕಂಡೆನ್ಸರ್, ಅಂದರೆ ಪಾಯಿಂಟಿನ ಕಿಡಿ ತಡೆಯುವ ಆ ಸಣ್ಣ ಡಬ್ಬಿ, ಬಿಸಿಯಾದಾಗ ಕೈಕೊಟ್ಟರೆ ಲಕ್ಷಣ ಹೆಚ್ಚೂ ಕಡಿಮೆ ಹೀಗೇ ಇರುತ್ತದೆ. ಸ್ಪಾರ್ಕಿಗೆ ಬೇಕಾದ ಕರೆಂಟ್ ಕೊಡುವ ಕಾಯಿಲ್ ಕೂಡ ಹಾಗೇ. ತಣ್ಣಗಾದರೆ ಸರಿ, ಬಿಸಿಯಾದರೆ ಬಂದ್.

ವ್ಯತ್ಯಾಸ ಗಾಡಿ ಸಾಯುವ ರೀತಿಯಲ್ಲಿದೆ. ಕರೆಂಟ್ ಹೋದರೆ ಸ್ವಿಚ್ ಆರಿಸಿದ ಹಾಗೆ ಒಮ್ಮೆಗೇ ನಿಲ್ಲುತ್ತದೆ, ಇಲ್ಲವೇ ಸೈಲೆನ್ಸರಿನಲ್ಲಿ ಪಟಾಕಿ ಹೊಡೆಯುತ್ತದೆ. ಪೆಟ್ರೋಲ್ ಸಾಲದಿದ್ದರೆ ನಿಧಾನಕ್ಕೆ ಶಕ್ತಿ ಇಳಿಯುತ್ತದೆ, ತಡವರಿಸುತ್ತದೆ, ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಚೋಕ್ ಅರ್ಧ ಎಳೆದು ನೋಡಿ. ಚೋಕ್ ಅಂದರೆ ಗಾಳಿಯನ್ನು ತಡೆದು ಪೆಟ್ರೋಲ್ ಪಾಲು ಹೆಚ್ಚಿಸುವ ಬಾಗಿಲು. ಎಳೆದ ಕೂಡಲೇ ಗಾಡಿ ಉಸಿರು ಹಿಡಿದರೆ ಪೆಟ್ರೋಲ್ ಕಡಿಮೆ ಬರುತ್ತಿದೆ ಎಂದೇ ಅರ್ಥ.

ನಿಂತ ಮೇಲೆ ಇನ್ನೊಂದು ಪರೀಕ್ಷೆ. ಸ್ವಿಚ್ ಆಫ್ ಮಾಡಿ, ಏರ್ ಕ್ಲೀನರ್ ಪೈಪು ತೆಗೆದು ಕಾರ್ಬುರೇಟರ್ ಬಾಯೊಳಗೆ ಟಾರ್ಚ್ ಬಿಟ್ಟು ಆಕ್ಸಿಲರೇಟರ್ ಕಡ್ಡಿಯನ್ನು ಕೈಯಿಂದ ಒಮ್ಮೆ ಒತ್ತಿ. ಸಣ್ಣ ಪಿಚಕಾರಿಯ ಹಾಗೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮಿದರೆ ಕಾರ್ಬುರೇಟರ್ ತೊಟ್ಟಿಯಲ್ಲಿ ಪೆಟ್ರೋಲ್ ಇದೆ, ಪಂಪಿನವರೆಗಿನ ದಾರಿ ಬಹುಶಃ ಸರಿಯಿದೆ, ಮೊದಲು ಸ್ಪಾರ್ಕ್ ನೋಡಿ. ಚಿಮ್ಮದಿದ್ದರೆ ಮುಂದೆ ಓದಿ. ಈ ಪರೀಕ್ಷೆ ಗಾಡಿ ನಿಂತ ಆ ನಿಮಿಷದಲ್ಲೇ ಆಗಬೇಕು. ಅರ್ಧ ಗಂಟೆ ಕಳೆದ ಮೇಲೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ.

2. ಟ್ಯಾಂಕ್ ಮುಚ್ಚಳ

ಇದಕ್ಕೆ ಕಾಸಿನ ಖರ್ಚಿಲ್ಲ. ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು, ಅದಕ್ಕೆ ಮುಚ್ಚಳದಲ್ಲಿ ಸಣ್ಣ ತೂತಿರುತ್ತದೆ. ಅದು ಕಟ್ಟಿಕೊಂಡರೆ ಟ್ಯಾಂಕ್ ಒಳಗೆ ಗಾಳಿಯ ಒತ್ತಡ ಇಳಿದು ಪಂಪ್ ಎಳೆದರೂ ಪೆಟ್ರೋಲ್ ಬರುವುದಿಲ್ಲ. ನಿಲ್ಲಿಸಿ ಹತ್ತು ನಿಮಿಷ ಬಿಟ್ಟಾಗ ಗಾಳಿ ಮೆಲ್ಲಗೆ ಒಳಗೆ ಸೇರಿ ಗಾಡಿ ಮತ್ತೆ ಹೊರಡುತ್ತದೆ. ಗಾಡಿ ನಿಂತ ಕೂಡಲೇ ಮುಚ್ಚಳ ತೆಗೆಯಿರಿ. ಸುಯ್ ಎಂದು ಗಾಳಿ ಒಳಗೆ ನುಗ್ಗಿದ ಸದ್ದು ಬಂದರೆ ಕಳ್ಳ ಸಿಕ್ಕಿದ. ಬೇರೆ ಗಾಡಿಯ ಮುಚ್ಚಳ, ಬೀಗದ ಮುಚ್ಚಳ ಹಾಕಿಸಿದ್ದರೆ ಅದರಲ್ಲಿ ತೂತೇ ಇಲ್ಲದಿರಬಹುದು.

3. ಟ್ಯಾಂಕ್ ಒಳಗೆ

ಸ್ವಲ್ಪ ಪೆಟ್ರೋಲನ್ನು ಟ್ಯಾಂಕಿನ ತಳದ ಬಿರಡೆಯಿಂದ ಜಾಡಿಗೆ ಇಳಿಸಿ ಹದಿನೈದು ನಿಮಿಷ ಅಲ್ಲಾಡಿಸದೆ ಇಡಿ. ಕಂದು ಪುಡಿ ಕೂತರೆ ಟ್ಯಾಂಕ್ ತುಕ್ಕು ಹಿಡಿದಿದೆ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ.

ಈಗ ನೀರಿನ ತೊಂದರೆ ಮೊದಲಿಗಿಂತ ಹೆಚ್ಚು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಇ20, ಅಂದರೆ ನೂರರಲ್ಲಿ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲ್ ಬಿಡುಗಡೆಯಾಯಿತು, ಈಗ ಹೆಚ್ಚಿನ ಬಂಕುಗಳಲ್ಲಿ ಸಿಗುವುದು ಅದೇ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಯಲ್ಲಿ ಅರ್ಧ ಟ್ಯಾಂಕ್ ಹಾಕಿ ಮೂರು ತಿಂಗಳು ನಿಲ್ಲಿಸಿದರೆ ಖಾಲಿ ಜಾಗದ ತೇವವೆಲ್ಲ ಅದಕ್ಕೆ ಸೇರುತ್ತದೆ. ಒಂದು ಮಿತಿ ದಾಟಿದ ಮೇಲೆ ನೀರು ಎಥೆನಾಲನ್ನೂ ಕರೆದುಕೊಂಡು ತಳಕ್ಕೆ ಇಳಿಯುತ್ತದೆ. ಪೈಪು ಎಳೆಯುವುದು ತಳದಿಂದಲೇ ಅಲ್ವಾ? ಹೀಗಾದ ಪೆಟ್ರೋಲಿಗೆ ಹೊಸದನ್ನು ಬೆರೆಸಿ ಓಡಿಸಬೇಡಿ, ಪೂರ್ತಿ ಇಳಿಸಿ.

ಇನ್ನೊಂದು ಲಕ್ಷಣ ನೆನಪಿಡಿ. ಅರ್ಧ ಟ್ಯಾಂಕ್ ಇರುವವರೆಗೆ ಸರಿಯಾಗಿ ಓಡಿ, ಕಾಲು ಟ್ಯಾಂಕಿಗೆ ಬಂದ ಕೂಡಲೇ ಏರಿನಲ್ಲಿ ತೊಂದರೆ ಶುರುವಾದರೆ, ಒಳಗಿನ ಎಳೆಯುವ ಕೊಳವೆ ನಡುವಲ್ಲಿ ತೂತಾಗಿ ಪೆಟ್ರೋಲಿನ ಬದಲು ಗಾಳಿ ಎಳೆಯುತ್ತಿರಬಹುದು. ತುಕ್ಕು ಹಿಡಿದ ಟ್ಯಾಂಕ್ ಬೆಸುಗೆ ಹಾಕಿಸಬೇಕೆಂದರೆ ಆ ಕೆಲಸ ಗೊತ್ತಿದ್ದವರಿಗೇ ಕೊಡಿ. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಒಳಗಿನ ಆವಿ ಸಿಡಿಯುತ್ತದೆ.

4. ಪಂಪಿಗಿಂತ ಹಿಂದಿನ ಪೈಪುಗಳು

ನನ್ನ ಅನುಭವದಲ್ಲಿ ಅತಿ ಹೆಚ್ಚು ಸಲ ದೋಷ ಸಿಕ್ಕಿರುವುದು ಇಲ್ಲಿ, ಅತಿ ಕಡಿಮೆ ಜನ ನೋಡುವುದೂ ಇಲ್ಲೇ. ಕಾರಣ ಸರಳ. ಪಂಪಿನ ಮುಂದಿನ ಪೈಪು ಒಡೆದರೆ ಪೆಟ್ರೋಲ್ ಸೋರುತ್ತದೆ, ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ. ಹಿಂದಿನ ಪೈಪು ಬಿರುಕು ಬಿಟ್ಟರೆ ಸೋರುವುದಿಲ್ಲ. ಅಲ್ಲಿ ಪಂಪ್ ಒಳಕ್ಕೆ ಎಳೆಯುತ್ತಿರುವುದರಿಂದ ಬಿರುಕಿನಲ್ಲಿ ಗಾಳಿ ಒಳಗೆ ಹೋಗುತ್ತದೆ. ಹೊರಗಿನಿಂದ ಒಣಗಿದಂತೆಯೇ ಕಾಣುತ್ತದೆ.

ಚಾಸಿಯಿಂದ ಪಂಪಿಗೆ ಬರುವ ರಬ್ಬರ್ ಪೈಪನ್ನು ಬೆರಳಲ್ಲಿ ಬಾಗಿಸಿ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ, ಒತ್ತಿದಾಗ ಅಂಟಂಟು ಅನಿಸಿದರೂ ಬದಲಿಸಿ. ಹಳೆ ರಬ್ಬರಿಗೆ ಎಥೆನಾಲ್ ಆಗಿಬರುವುದಿಲ್ಲ, ಒಳಗಿನಿಂದ ಉಬ್ಬಿ ದಾರಿ ಕಿರಿದಾಗುತ್ತದೆ, ಉದುರಿದ ಚೂರುಗಳು ಕಾರ್ಬುರೇಟರಿಗೆ ಹೋಗಿ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟುತ್ತವೆ. ಮೀಟರಿನ ಲೆಕ್ಕದಲ್ಲಿ ಸಿಗುವ ಯಾವುದೋ ಕಪ್ಪು ಪೈಪು ತರಬೇಡಿ. ಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವ ಪೈಪು ಕೇಳಿ. ಬೆಲೆ ಜಾಸ್ತಿ, ಆದರೆ ಈ ಜೀಪಿಗೆ ಬೇಕಾಗುವುದು ಸ್ವಲ್ಪವೇ.

ಲೋಹದ ಪೈಪಿನ ಜಾಯಿಂಟ್ ಬಿಚ್ಚುವಾಗ ಎರಡು ಸ್ಪ್ಯಾನರ್ ಬೇಕು, ಒಂದು ಹಿಡಿಯಲು, ಒಂದು ತಿರುಗಿಸಲು. ಒಂದೇ ಹಾಕಿ ತಿರುಗಿಸಿದರೆ ಪೈಪು ಹುರಿಗೊಂಡು ಒಳಗೇ ಮುಚ್ಚಿಹೋಗುತ್ತದೆ. ಪೈಪು ಊದಿ ನೋಡುವುದಾದರೆ ಪಂಪಿನ ಕಡೆ ಬಿಚ್ಚಿ, ಟ್ಯಾಂಕ್ ಮುಚ್ಚಳ ತೆಗೆದು, ಸೈಕಲ್ ಪಂಪಿನಿಂದ ಟ್ಯಾಂಕಿನ ಕಡೆಗೆ ಊದಿ. ಟ್ಯಾಂಕಿನಲ್ಲಿ ಗುಳುಗುಳು ಸದ್ದು ಸಲೀಸಾಗಿ ಬರಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಪಂಪ್ ಜೋಡಿಸಿದ ಹಾಗೆಯೇ ಬಿಟ್ಟರೆ ಒಳಗಿನ ಪೊರೆ ಹರಿಯುತ್ತದೆ.

ಫಿಲ್ಟರ್ ಬಗ್ಗೆ ಎರಡು ಮಾತು. ಬೈಕಿನ ಸಣ್ಣ ಪ್ಲಾಸ್ಟಿಕ್ ಫಿಲ್ಟರ್ ಈ ಎಂಜಿನ್ನಿಗೆ ಸಾಲದು. ಎಲ್ಲೆಲ್ಲೋ ಮೂರು ಫಿಲ್ಟರ್ ಹಾಕಿದ ಜೀಪುಗಳನ್ನೂ ನೋಡಿದ್ದೇನೆ, ಪ್ರತಿಯೊಂದೂ ಪಂಪಿಗೆ ಒಂದು ಅಡ್ಡಿ. ಪಂಪಿಗಿಂತ ಮೊದಲು ಒಂದು ಒಳ್ಳೆಯ ಫಿಲ್ಟರ್ ಸಾಕು, ಎಕ್ಸಾಸ್ಟಿನಿಂದ ದೂರ ಇರಲಿ.

5. ಪಂಪ್: ಜಾಡಿ ಪರೀಕ್ಷೆ

ಮೆಕ್ಯಾನಿಕ್‌ಗಳು ಎ.ಸಿ. ಪಂಪ್ ಎನ್ನುವುದು ಇದನ್ನೇ (ಎ.ಸಿ. ಅನ್ನುವುದು ಕಂಪನಿಯ ಹೆಸರು, ಏರ್ ಕಂಡಿಷನರ್ ಅಲ್ಲ). ಎಂಜಿನ್ ಪಕ್ಕದಲ್ಲಿ ಕೂತಿರುತ್ತದೆ, ಕ್ಯಾಮ್ ಶಾಫ್ಟ್ ಅದರ ಕೈಯನ್ನು ಒತ್ತಿದಾಗಲೆಲ್ಲ ಒಳಗಿನ ಪೊರೆ ಮೇಲೆ ಕೆಳಗೆ ಆಡಿ ಪೆಟ್ರೋಲ್ ಎಳೆಯುತ್ತದೆ. ಗಾಜಿನ ಬಟ್ಟಲು ಇದ್ದರೆ ಮೊದಲು ಅದನ್ನು ಬಿಚ್ಚಿ ಮಡ್ಡಿ ತೊಳೆಯಿರಿ. ಒಳಗೆ ಜಾಲರಿ ಇರುತ್ತದೆ. ತಿರುಗಿ ಹಾಕುವಾಗ ಹಳೆ ಪ್ಯಾಕಿಂಗ್ ಬೇಡ, ಅಲ್ಲಿಂದಲೇ ಗಾಳಿ ಎಳೆಯುತ್ತದೆ.

ಈಗ ಪರೀಕ್ಷೆ. ಕಾರ್ಬುರೇಟರಿಗೆ ಹೋಗುವ ಪೈಪು ಬಿಚ್ಚಿ, ಅದಕ್ಕೆ ಪಾರದರ್ಶಕ ಪೈಪು ಸೇರಿಸಿ ಕ್ಲಿಪ್ ಹಾಕಿ, ಇನ್ನೊಂದು ತುದಿಯನ್ನು ಜಾಡಿಯೊಳಗೆ ಬಿಡಿ. ಜಾಡಿ ಎಂಜಿನ್ನಿನಿಂದ ದೂರ, ನೆಲದ ಮೇಲೆ ಇರಲಿ. ಕಾಯಿಲ್ ವೈರ್ ತೆಗೆದಿಟ್ಟು, ಆಮೇಲೆ ಬ್ಯಾಟರಿ ವೈರ್ ಹಾಕಿ, ಜೊತೆಯವರು ಹತ್ತು ಹದಿನೈದು ಸೆಕೆಂಡ್ ಸೆಲ್ಫ್ ಹೊಡೆಯಲಿ. ಹ್ಯಾಂಡಲ್ ಹಾಕಿ ತಿರುಗಿಸಿದರೆ ಇನ್ನೂ ಒಳ್ಳೆಯದು.

ಎಷ್ಟು ಬರಬೇಕು? ಲೆಕ್ಕ ಹಾಕೋಣ. ಗಂಟೆಗೆ 40 ಕಿ.ಮೀ. ಓಡುವ ಜೀಪ್ ಲೀಟರಿಗೆ 8 ಕಿ.ಮೀ. ಕೊಟ್ಟರೆ ಗಂಟೆಗೆ 5 ಲೀಟರ್ ಕುಡಿಯುತ್ತದೆ, ಅಂದರೆ ನಿಮಿಷಕ್ಕೆ ಸುಮಾರು 83 ಮಿ.ಲೀ. ಏರಿನಲ್ಲಿ ಮೂರು ಪಟ್ಟು ಅಂದುಕೊಂಡರೂ 250 ಮಿ.ಲೀ. ಹಾಗಾಗಿ ಎಂಜಿನ್ ತಿರುಗುವಾಗ ನಿಮಿಷಕ್ಕೆ ಅರ್ಧ ಲೀಟರಿನ ಲೆಕ್ಕದಲ್ಲಿ ಬರುತ್ತಿದ್ದರೆ ಪಂಪ್ ಧಾರಾಳವಾಗಿ ಆರೋಗ್ಯವಾಗಿದೆ.

ಅಳತೆಗಿಂತ ಬರುವ ರೀತಿ ಮುಖ್ಯ. ಟಕ್ ಟಕ್ ಎಂದು ಒಂದೇ ಸಮನೆ ಬಲವಾಗಿ ಬಂದರೆ ಸರಿ. ಪೈಪಿನಲ್ಲಿ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಹಿಂದೆ ಎಲ್ಲೋ ಗಾಳಿ ಎಳೆಯುತ್ತಿದೆ, 4ನೇ ಹಂತಕ್ಕೆ ವಾಪಸ್ ಹೋಗಿ. ಗುಳ್ಳೆಯೂ ಇಲ್ಲ, ಬಲವೂ ಇಲ್ಲ ಅಂದರೆ ಪಂಪಿನ ಪೊರೆ ಅಥವಾ ವಾಲ್ವ್ ಹೋಗಿದೆ, ಇಲ್ಲವೇ ಹಿಂದೆ ಪೈಪು ಕಟ್ಟಿದೆ. ಯಾವುದು ಅಂತ ತಿಳಿಯಲು ಪಂಪಿನ ಒಳಬರುವ ಕಡೆಗೆ ಒಂದು ಹೊಸ ಪೈಪು ಹಾಕಿ, ಅದನ್ನು ಸಣ್ಣ ಲೋಹದ ಕ್ಯಾನಿನ ಪೆಟ್ರೋಲಿನಲ್ಲಿ ಮುಳುಗಿಸಿ ಇದೇ ಪರೀಕ್ಷೆ ಮತ್ತೆ ಮಾಡಿ. ಈಗ ಚೆನ್ನಾಗಿ ಬಂದರೆ ಪಂಪ್ ಸರಿ, ತಪ್ಪು ಹಿಂದಿನ ದಾರಿಯದ್ದು. ಸುಮ್ನೆ ಹೊಸ ಪಂಪ್ ತರುವ ಮೊದಲು ಇಷ್ಟು ಮಾಡಿದರೆ ದುಡ್ಡು ಉಳಿಯುತ್ತದೆ.

ಆಯಿಲ್ ಕಡ್ಡಿ ಎಳೆದು ಮೂಸಿ ನೋಡುವುದನ್ನು ಮರೆಯಬೇಡಿ. ಪೆಟ್ರೋಲ್ ವಾಸನೆ ಬಂದು ಆಯಿಲ್ ಮಟ್ಟ ಏರಿದ್ದರೆ ಹರಿದ ಪೊರೆಯಿಂದ ಪೆಟ್ರೋಲ್ ಎಂಜಿನ್ ಒಳಗೆ ಇಳಿಯುತ್ತಿರಬಹುದು. ಆ ಸ್ಥಿತಿಯಲ್ಲಿ ಗಾಡಿ ಓಡಿಸಬೇಡಿ, ಬೇರಿಂಗುಗಳು ಹೋಗುತ್ತವೆ. ಪಂಪ್ ಸರಿಮಾಡಿ, ಆಯಿಲ್ ಬದಲಿಸಿ, ಆಮೇಲೆ ಸ್ಟಾರ್ಟ್ ಮಾಡಿ.

ಹೊಸ ಪಂಪ್ ಹಾಕಿಯೂ ಪೆಟ್ರೋಲ್ ಸಾಲದಿದ್ದರೆ ಎಂಜಿನ್ನಿಗೂ ಪಂಪಿಗೂ ನಡುವಿನ ಪ್ಯಾಕಿಂಗ್ ನೋಡಿ. ಅದು ಬೇಕಾದ್ದಕ್ಕಿಂತ ದಪ್ಪ ಇದ್ದರೆ ಕ್ಯಾಮ್ ಪಂಪಿನ ಕೈಯನ್ನು ಪೂರ್ತಿ ಒತ್ತುವುದಿಲ್ಲ. ಎಲೆಕ್ಟ್ರಿಕ್ ಪಂಪ್ ಹಾಕಿಬಿಡೋಣ ಎನ್ನುವವರೂ ಇದ್ದಾರೆ. ಈ ಕಾರ್ಬುರೇಟರಿಗೆ ಬೇಕಾದ ಒತ್ತಡ ಸುಮಾರು 2.5ರಿಂದ 3.75 ಪಿಎಸ್‌ಐ ಅಷ್ಟೇ. ಎಂಪಿಎಫ್‌ಐ, ಅಂದರೆ ಕಾರ್ಬುರೇಟರ್ ಇಲ್ಲದೆ ಪೆಟ್ರೋಲ್ ಚಿಮ್ಮಿಸುವ ಹೊಸ ಕಾರಿನ ಪಂಪ್ 40 ಪಿಎಸ್‌ಐ ಹತ್ತಿರ ತಳ್ಳುತ್ತದೆ, ಪೆಟ್ರೋಲ್ ತನ್ನನ್ನು ತಡೆಯುವ ನೀಡಲ್ ವಾಲ್ವನ್ನು ನೂಕಿಕೊಂಡು ಬಿಸಿ ಎಂಜಿನ್ ಮೇಲೆ ಚೆಲ್ಲುತ್ತದೆ. ಅದು ಬೆಂಕಿಗೆ ನೇರ ದಾರಿ.

6. ಬಿಸಿಯಲ್ಲಿ ಮಾತ್ರ ಬರುವ ತೊಂದರೆ: ವೇಪರ್ ಲಾಕ್

ಮೇಲಿನ ಎಲ್ಲವೂ ಸರಿ, ಆದರೂ ಬಿಸಿಲಲ್ಲಿ ಏರಿನಲ್ಲಿ ನಿಲ್ಲುತ್ತದೆ ಅಂದರೆ ಪೆಟ್ರೋಲ್ ಪೈಪಿನಲ್ಲೇ ಕುದಿದು ಆವಿಯಾಗುತ್ತಿದೆ. ಪಂಪಿಗೆ ದ್ರವ ತಳ್ಳುವುದು ಗೊತ್ತು, ಆವಿಯನ್ನು ತಳ್ಳಲಾಗುವುದಿಲ್ಲ. ಇದನ್ನೇ ವೇಪರ್ ಲಾಕ್ ಎನ್ನುತ್ತಾರೆ. ಹಳೆ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದದ್ದು ಇದಕ್ಕೇ, ಅದು ಪರೀಕ್ಷೆಯೂ ಹೌದು. ಒದ್ದೆ ಬಟ್ಟೆ ಹಾಕಿದ ಎರಡು ಮೂರು ನಿಮಿಷದಲ್ಲಿ ಗಾಡಿ ಹೊರಟರೆ ಕಾರಣ ಬಿಸಿಯೇ. ಬಟ್ಟೆ ಹಿಂಡಿ ಹಾಕಿ. ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ತಣ್ಣೀರು ಬಿದ್ದರೆ ಆ ಎರಕದ ಕಬ್ಬಿಣ ಬಿರಿಯುತ್ತದೆ.

ಬಟ್ಟೆ ಆ ಹೊತ್ತಿಗೆ ಮಾತ್ರ. ಪೈಪು ಎಕ್ಸಾಸ್ಟಿಗೆ ಎಲ್ಲಿ ಹತ್ತಿರ ಹೋಗುತ್ತದೆ ನೋಡಿ ಅಲ್ಲಿಂದ ಸರಿಸಿ, ಪಂಪಿಗೂ ಎಕ್ಸಾಸ್ಟಿಗೂ ನಡುವೆ ಒಂದು ತಗಡಿನ ಮರೆ ಹಾಕಿಸಿ. ರೇಡಿಯೇಟರ್ ಮತ್ತು ಫ್ಯಾನ್ ಬೆಲ್ಟ್ ನೋಡಿ. ಎಂಜಿನ್ನೇ ಅತಿಯಾಗಿ ಕಾಯುತ್ತಿದ್ದರೆ ಪೆಟ್ರೋಲ್ ಪೈಪನ್ನು ಬೈದು ಪ್ರಯೋಜನವಿಲ್ಲ.

ಏರು ಹತ್ತಿ ಕೊಟ್ಟಿಗೆಹಾರದಲ್ಲಿ ಚಹಾ ಕುಡಿದು ಬಂದು ಸ್ಟಾರ್ಟ್ ಮಾಡಿದರೆ ಹಿಡಿಯದಿರುವುದು ಬೇರೆ ಕತೆ. ಅಲ್ಲಿ ಕಾರ್ಬುರೇಟರ್ ತೊಟ್ಟಿಯ ಪೆಟ್ರೋಲ್ ಕುದಿದು ಎಂಜಿನ್ ಒಳಗೆ ಜಾಸ್ತಿ ಹೋಗಿರುತ್ತದೆ. ಆಕ್ಸಿಲರೇಟರ್ ಪಂಪ್ ಮಾಡಬೇಡಿ, ಚೋಕ್ ಎಳೆಯಬೇಡಿ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ.

7. ಈಗ ಕಾರ್ಬುರೇಟರ್

ಪೆಟ್ರೋಲ್ ಬಾಗಿಲವರೆಗೆ ಬರುತ್ತಿದೆ ಎಂದು ಜಾಡಿ ಹೇಳಿದ ಮೇಲೆಯೇ ಇದನ್ನು ಬಿಚ್ಚಿ. ಹಾಳೆ ಹಾಸಿ, ತೆಗೆದ ಕ್ರಮದಲ್ಲೇ ಸಾಲಾಗಿ ಇಡಿ, ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಪೆಟ್ರೋಲ್ ಒಳಬರುವ ಬಾಯಿಯಲ್ಲಿ ಜಾಲರಿ ಇದ್ದರೆ ಮೊದಲು ಅದು. ಆಮೇಲೆ ನೀಡಲ್ ವಾಲ್ವ್, ಅಂದರೆ ತೊಟ್ಟಿ ತುಂಬಿದಾಗ ಪೆಟ್ರೋಲ್ ತಡೆಯುವ ಮೊಳೆಯಂಥ ಬಿರಡೆ. ತುದಿಯಲ್ಲಿ ಉಂಗುರದ ಹಾಗೆ ಗೆರೆ ಬಿದ್ದಿದ್ದರೆ ಬದಲಿಸಿ. ಫ್ಲೋಟ್ ಅಂದರೆ ತೇಲುಬುರುಡೆ, ಅದನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಸದ್ದು ಬಂದರೆ ತೂತಾಗಿದೆ. ಅನುಮಾನವಿದ್ದರೆ ಹಿತ್ತಾಳೆ ಫ್ಲೋಟನ್ನು ಬಿಸಿ ನೀರಿನಲ್ಲಿ ಮುಳುಗಿಸಿ, ತೂತಿದ್ದ ಕಡೆ ಗುಳ್ಳೆ ಏಳುತ್ತದೆ. ನೀರನ್ನು ಒಲೆಯಿಂದ ಇಳಿಸಿ ದೂರ ತಂದು ಮಾಡಿ. ತೂತಾದ ಫ್ಲೋಟಿಗೆ ಬೆಸುಗೆ ಬೇಡ, ಒಳಗಿನ ಆವಿ ಹೊತ್ತಿಕೊಳ್ಳಬಹುದು. ಬೆಸುಗೆ ನಿಂತರೂ ತೂಕ ಜಾಸ್ತಿಯಾಗಿ ಮಟ್ಟ ತಪ್ಪುತ್ತದೆ. ಹೊಸದೇ ಹಾಕಿ. ಫ್ಲೋಟ್ ಮಟ್ಟವನ್ನು ನಿಮ್ಮ ಕಾರ್ಬುರೇಟರಿನ ಮ್ಯಾನ್ಯುಯಲ್ ಅಳತೆಗೆ ಇಡಿ, ಕಾರ್ಟರ್ ಕಂಪನಿಯ ಕಾರ್ಬುರೇಟರಿನ ಅಳತೆ ಸೋಲೆಕ್ಸ್ ಕಂಪನಿಯದ್ದಕ್ಕೆ ಹೊಂದುವುದಿಲ್ಲ.

ಜೆಟ್ಟಿಗೆ ತಂತಿ ಚುಚ್ಚಬೇಡಿ. ಕಾರ್ಬುರೇಟರ್ ಸ್ಪ್ರೇ ಮತ್ತು ಸೈಕಲ್ ಪಂಪಿನ ಗಾಳಿ ಸಾಕು. ಜೆಟ್ ಅಂದರೆ ಅಳತೆ ಮಾಡಿ ಕೊರೆದ ತೂತು, ಒಂದು ಗೀರು ಬಿದ್ದರೂ ಅಳತೆ ಕೆಡುತ್ತದೆ.

ಎಲ್ಲ ಸ್ವಚ್ಛವಾದ ಮೇಲೂ ಚೋಕ್ ಸ್ವಲ್ಪ ಎಳೆದಾಗ ಮಾತ್ರ ಗಾಡಿ ಸಲೀಸಾಗಿ ಓಡಿದರೆ ಇ20 ಕಾರಣ ಇರಬಹುದು. ಒಂದು ಕೆಜಿ ಪೆಟ್ರೋಲ್ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು, ಎಥೆನಾಲಿಗೆ 9 ಕೆಜಿ ಸಾಕು. ಹೊಸ ಕಾರಿನ ಕಂಪ್ಯೂಟರ್ ಅದನ್ನು ಸರಿಮಾಡಿಕೊಳ್ಳುತ್ತದೆ, ನಮ್ಮ ಹಳೆ ಜೆಟ್ಟಿಗೆ ಅದು ಗೊತ್ತಾಗುವುದಿಲ್ಲ. ಹಾಗಾಗಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆಗುತ್ತದೆ. ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿ, ಐವತ್ತು ಕಿ.ಮೀ. ಓಡಿಸಿ ಪ್ಲಗ್ ಬಣ್ಣ ನೋಡಿ. ಬೆಳ್ಳಗಿದ್ದರೆ ಪೆಟ್ರೋಲ್ ಇನ್ನೂ ಸಾಲದು, ಮಸಿ ಕಟ್ಟಿದ್ದರೆ ಜಾಸ್ತಿಯಾಯಿತು, ತಿಳಿ ಕಂದು ಬಂದರೆ ಅಲ್ಲಿಗೇ ನಿಲ್ಲಿಸಿ.

8. ಜೋಡಿಸಿದ ಮೇಲೆ

ಸ್ಟಾರ್ಟ್ ಮಾಡಿ ಐದು ನಿಮಿಷ ಗಾಡಿಯನ್ನು ನಿಂತಲ್ಲೇ ಓಡಲು ಬಿಟ್ಟು ಪ್ರತಿ ಜಾಯಿಂಟಿಗೂ ಒಣ ಬಟ್ಟೆ ಒತ್ತಿ ನೋಡಿ, ಒಂದು ಹನಿ ಕಂಡರೂ ರಸ್ತೆಗೆ ಇಳಿಸಬೇಡಿ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ಪರೀಕ್ಷೆ ಮಾಡಿ, ಆಮೇಲೆ ಇನ್ನೊಂದು. ಮೂರನ್ನೂ ಒಟ್ಟಿಗೆ ಬದಲಿಸಿದರೆ ಗಾಡಿ ಸರಿಯಾಗಬಹುದು, ಆದರೆ ಯಾವುದರಿಂದ ಎಂದು ಗೊತ್ತಾಗದು.

ಮೊದಲ ಓಟಕ್ಕೆ ಮನೆ ಹತ್ತಿರದ ಏರನ್ನೇ ಆರಿಸಿ, ಎರಡನೇ ಗೇರಿನಲ್ಲಿ ಲೋಡ್ ಇಲ್ಲದೆ ಒಮ್ಮೆ, ಲೋಡ್ ಹಾಕಿ ಒಮ್ಮೆ ಹತ್ತಿಸಿ. ಟೂಲ್ ಬಾಕ್ಸಿನಲ್ಲಿ ಒಂದು ಅಡಿ ಪೈಪು, ನಾಲ್ಕು ಕ್ಲಿಪ್, ಒಂದು ಕಂಡೆನ್ಸರ್, ಪಂಪಿನ ಪೊರೆಯ ಕಿಟ್ ಇರಲಿ. ಜಾಡಿಯಲ್ಲಿ ಬಂದ ಅಳತೆಯನ್ನು ತಾರೀಕಿನ ಜೊತೆ ಬಾನೆಟ್ ಒಳಗೆ ಬರೆದಿಡಿ. ಮುಂದಿನ ಮಳೆಗಾಲ ಕಳೆದು ಮತ್ತೆ ಅಳೆದಾಗ ಪಂಪ್ ಎಷ್ಟು ಸೋತಿದೆ ಎಂದು ಅದರಿಂದಲೇ ಗೊತ್ತಾಗುತ್ತದೆ.